ಬೆಕ್ಕಿನ ಕಾಲು, ಹಾಲಿನ ಬೀರು

ಗವಿಪುರದ ನಮ್ಮ ಮನೆಯಲ್ಲಿ ಹಾಲು, ಮೊಸರು ಇಡಲು ಒಂದು ಜಾಲರಿ ಬೀರು ಇತ್ತು. ಬೆಕ್ಕಿನ ಬಾಯಿಂದ ಹಾಲು ಕಾಪಾಡಲೆಂದೇ ಮಾಡಿಸಿದ್ದು. ತೊಂಬತ್ತರ ದಶಕದ ಕೊನೆಯಲ್ಲಿ ಒಮ್ಮೆ ಹಾಲು ಹೊರಗೆ ಬಂತು, ಬೆಕ್ಕು ಒಳಗೆ ಹೋಯಿತು.

ನಮ್ಮ ಬೂದು ಬೆಕ್ಕು ತಾರಸಿಯಿಂದ ಬಿದ್ದು ತೊಡೆಮೂಳೆ ಮುರಿದುಕೊಂಡಿತ್ತು. ಚಾಮರಾಜಪೇಟೆಯ ಪಶುವೈದ್ಯರು ಆಪರೇಷನ್ ಮಾಡಿ, ಮೂಳೆಯೊಳಗೆ ಉಕ್ಕಿನ ಕಡ್ಡಿ ತೂರಿಸಿ ಕೂರಿಸಿದರು.

"ಮೂಳೆ ಕೂಡೋವರೆಗೂ ಇದು ನೆಗೀಬಾರ್ದಮ್ಮ. ಸಣ್ಣ ಜಾಗದಲ್ಲಿ ಕೂಡಿಹಾಕಿ," ಎಂದರು.

ಬೀರುವಿನ ಹಲಗೆಗಳನ್ನು ತೆಗೆದು, ಹಳೆಯ ಸೀರೆ ಹಾಸಿ ಮಲಗಿಸಿದೆ.

"ಕಳ್ಳನ್ನ ಖಜಾನೇಲೇ ಕೂರ್ಸಿದೀಯಲ್ಲೇ!" ಎಂದು ಅತ್ತೆ ನಕ್ಕರು.

ಹೊಲಿಗೆ ಚೆನ್ನಾಗಿಯೇ ಮಾಗುತ್ತಿತ್ತು. ಒಂದು ಬೆಳಿಗ್ಗೆ ಹಾಸು ಬದಲಿಸುವಾಗ, ಸೊಂಟದ ಬಳಿ ಚರ್ಮದಡಿ ಕಡಲೆಕಾಳಿನಷ್ಟು ಗಟ್ಟಿ ಉಬ್ಬು ಕೈಗೆ ಸಿಕ್ಕಿತು. ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ನಾನೂ ಅತ್ತೆಯೂ ಆಸ್ಪತ್ರೆಗೆ ಓಡಿದೆವು. ವೈದ್ಯರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಕಡ್ಡಿ ಹಿಂದಕ್ಕೆ ಜಾರಿತ್ತು, ಕೈಗೆ ಸಿಕ್ಕಿದ್ದು ಅದರ ತುದಿಯೇ. ಮೂಳೆಯ ತುಂಡುಗಳು ಮತ್ತೆ ಬೇರೆಯಾಗಿದ್ದವು.

"ನೆಗೀತಾ?"

"ಇಲ್ಲ ಡಾಕ್ಟ್ರೇ, ಚಿಲಕ ಹಾಕೇ ಇರ್ತೀವಿ," ಎಂದೆ.

ಬುಟ್ಟಿ ಹಿಡಿದು ಕೂತಿದ್ದ ಅತ್ತೆ ಮೆಲ್ಲಗೆ ಬಾಯಿಬಿಟ್ಟರು. "ಇವ್ಳು ಬಟ್ಟೆ ತೆಗೆಯೋಕೆ ಹಿತ್ಲಿಗೆ ಹೋದಾಗ ನಾನು ಚಿಲಕ ತೆಗೀತಿದ್ದೆ. ದೀಪ ಹಚ್ಚೋ ಹೊತ್ತು, ಲಕ್ಷ್ಮಿ ಬರ್ತಾಳೆ ಅಂತ ಮುಂಬಾಗ್ಲು ತೆರೆದಿಟ್ಟು, ಅದೊಂದು ಜೀವಾನ ಮಾತ್ರ ಕೂಡಿಹಾಕೋದು ಹೇಗೆ? ಅಡಿಗೆಕಟ್ಟೆ ಮೇಲೆ ಹಾರಿ ಕೂತ್ಕೊಳ್ತಿತ್ತು, ಅಷ್ಟೇ."

ವೈದ್ಯರು ಬೈಯಲಿಲ್ಲ. "ಇನ್ನೊಂದ್ಸಲ ಮಾಡ್ತೀನಿ, ತಂತೀನೂ ಸುತ್ತಿ ಬಿಗೀತೀನಿ. ಈ ಸಲಾನೂ ಜಾರಿದ್ರೆ ಕಾಲೇ ತೆಗೀಬೇಕಾಗತ್ತೆ, ಅಮ್ಮ."

ಹೊರಗಿನ ಬೆಂಚಿನಲ್ಲಿ ಕಾಯುವಾಗ ಕಾನ್ವೆಂಟಿನಲ್ಲಿ ಕಲಿತ ಪ್ರಾರ್ಥನೆ ತಾನಾಗಿ ನನ್ನ ನಾಲಿಗೆಗೆ ಬಂತು. ಅತ್ತೆ ಗವಿ ಗಂಗಾಧರೇಶ್ವರನಿಗೆ ಹರಕೆ ಹೊರುತ್ತಿದ್ದರು. ಅವರ ಮದುವೆಯುಂಗುರದ ಸಂದಿಯಲ್ಲಿ ಒಂದು ಬೂದು ಕೂದಲು ಸಿಕ್ಕಿಕೊಂಡಿತ್ತು.

ಬೆಕ್ಕನ್ನು ಮನೆಗೆ ತಂದ ದಿನ ಚಿಲಕವನ್ನು ದಾರದಿಂದ ಬಿಗಿದೆ. ಸಂಜೆ ದೀಪ ಹಚ್ಚಿ ಬಂದ ಅತ್ತೆ ಅದನ್ನು ನೋಡಿದರು.

"ಬಿಚ್ಚು."

"ಅತ್ತೆ, ಡಾಕ್ಟ್ರು ಹೇಳಿದ್ದು..."

"ನಂಗೂ ಕಿವಿ ಇದೆ ಕಣೇ. ಬಿಚ್ಚು."

ಬಿಚ್ಚಿದೆ. ಅವರು ಮಣೆ ಎಳೆದುಕೊಂಡು, ಬೀರುವಿನ ತೆರೆದ ಬಾಗಿಲಿಗೆ ಅಡ್ಡಲಾಗಿ ತಾವೇ ಕೂತುಬಿಟ್ಟರು. ಬೆಕ್ಕಿನ ತಲೆ ಅವರ ಮಡಿಲಿನವರೆಗೆ ಬಂತು. ಅದರಾಚೆ ಹೋಗಲು ಜಾಗವಿರಲಿಲ್ಲ. ಮಂಡಿನೋವಿನ ಮನುಷ್ಯೆ, ದೀಪ ಶಾಂತವಾಗುವವರೆಗೆ ಏಳಲಿಲ್ಲ. ಮೂಳೆ ಕೂಡುವ ತನಕ ಪ್ರತಿ ಸಂಜೆಯೂ ಹಾಗೇ ಕೂತರು. ಅವರನ್ನು ಎಬ್ಬಿಸಲು ನಾನು ಕೈ ನೀಡುತ್ತಿದ್ದೆ.

ಕಾಲು ಉಳಿಯಿತು, ಕೊಂಚ ಗಿಡ್ಡವಾಗಿ. ಹಾಲು ಮತ್ತೆ ಬೀರು ಸೇರಿತು. ಆದರೂ ದೀಪದ ಹೊತ್ತಿಗೆ ಬೆಕ್ಕು ಕುಂಟುತ್ತಾ ಬಂದು ಬೀರುವಿನ ಮುಂದೆ ಕೂರುತ್ತಿತ್ತು.

"ನೋಡೇ, ಲಕ್ಷ್ಮಿಗೆ ಕಾಯ್ತಿದೆ," ಎನ್ನುತ್ತಿದ್ದರು ಅತ್ತೆ.

"ಹಾಲಿಗೆ," ಎನ್ನುತ್ತಿದ್ದೆ ನಾನು. ಬೆಕ್ಕು ಮಾತ್ರ ಅತ್ತೆ ಕೂರುತ್ತಿದ್ದ ಮಣೆಯ ಕಡೆ ನೋಡುತ್ತಿತ್ತು.