ತಕ್ಕಡಿ ಮೇಲಿನ ರಟ್ಟು

ಕಮಲಾಪುರದ ಸಂತೆಯಲ್ಲಿ ನನ್ನದು ಬೆಲ್ಲದ ಅಂಗಡಿ, ಪಕ್ಕದ್ದು ಮೌನೇಶನ ಕೆಂಪು ಬಾಳೆಹಣ್ಣಿನದು. ತೂಕದಲ್ಲಿ ಅವನಷ್ಟು ಖಡಕ್ ಮನುಷ್ಯನನ್ನು ನಾನು ಕಂಡಿಲ್ಲ. ಒಂದು ಗುಂಜಿ ಕಡಿಮೆ ಹಾಕುವವನಲ್ಲ, ಹೆಚ್ಚೂ ಹಾಕುವವನಲ್ಲ. ತೂಗಿದ ಮೇಲೆ ಪ್ರೀತಿಗೆಂದು ಇನ್ನೊಂದು ಹಣ್ಣು ಕೊಸರು ಹಾಕುವುದು ನಮ್ಮ ಸಂತೆಯ ರೂಢಿ. ಮೌನೇಶ ಮಾತ್ರ ತಕ್ಕಡಿಯ ಮೇಲೆ 'ಕೊಸರು ಕೇಳಬೇಡಿ' ಎಂದು ಬರೆದ ರಟ್ಟು ಕಟ್ಟಿದ್ದ. ಕಾರಣವಿತ್ತು. ಅವನಪ್ಪ ಮುಖ ನೋಡಿ ಕೊಸರು ಹಾಕುತ್ತಿದ್ದ. ಗೌಡರಿಗೆ ಎರಡು, ಕೂಲಿಯವರಿಗೆ ಸೊನ್ನೆ.

"ಎಲ್ಲಾರಿಗೂ ಒಂದೇ ಕಾಯ್ದೆ ಇಟ್ರ ಪಾಪ ಹತ್ತಂಗಿಲ್ಲ" ಎಂದು ಮೌನೇಶ ಕಡ್ಡಿ ಮುರಿದ ಹಾಗೆ ಹೇಳುತ್ತಿದ್ದ. ನ್ಯಾಯ ಅಂದರೆ ಇದೇ ಎಂದು ನಾನೂ ತಲೆಯಾಡಿಸುತ್ತಿದ್ದೆ.

ಹೋದ ವರ್ಷ ಒಂದು ಸಂತೆಗೆ ಭೀಮಬಾಯಿ ಬಂದಳು. ನಮ್ಮೂರವಳೇ. ದಿನಾ ಬಸ್ಸು ಹಿಡಿದು ಕಲಬುರಗಿಗೆ ಹೋಗಿ, ಸೇಡಂ ರಸ್ತೆಯ ಒಂದು ದವಾಖಾನೆಯಲ್ಲಿ ನೆಲ ಒರೆಸುತ್ತಾಳೆ. ಅರ್ಧ ಕಿಲೋ ತೂಗಿಸಿ, "ಮೊಮ್ಮಗಳಿಗಿ ಜ್ವರ ಬಂದಾವ ಯಣ್ಣಾ, ಒಂದ ಹಣ್ಣ ಕೊಸರ ಹಾಕ್ರಿ" ಅಂದಳು. ಮೌನೇಶ ಬೆರಳೆತ್ತಿ ರಟ್ಟು ತೋರಿಸಿದ.

"ನನಗ ಓದಾಕ ಬರಂಗಿಲ್ರೀ."

ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಈ ಮಳೆಗಾಲದಲ್ಲಿ ಮೌನೇಶನ ತಾಯಿ ಶಾರದಾಬಾಯಿಗೆ ಲಕ್ವಾ ಹೊಡೆಯಿತು. ಸೇರಿಸಿದ್ದು ಅದೇ ದವಾಖಾನೆಗೆ. ಭೀಮಬಾಯಿಯ ಕೆಲಸ ನೆಲದ್ದಷ್ಟೇ. ಆದರೂ ಪಾಳಿ ಮುಗಿದ ಮೇಲೆ ಒಂಬತ್ತು ದಿನ ಕೂತು ಮುದುಕಿಯ ತಲೆ ಬಾಚಿದಳು, ಚಮಚದಲ್ಲಿ ಗಂಜಿ ಕುಡಿಸಿದಳು. ನಾನು ನೋಡಲು ಹೋದ ದಿನ ಮೌನೇಶ ಆಕೆಯನ್ನು ಕೇಳುತ್ತಿದ್ದ.

"ಇದಕ್ಕೆಲ್ಲಾ ಏನ್ ಕೊಡ್ಲಿ, ಹೇಳ್ ಯಕ್ಕಾ."

"ಇದಕ್ಕೇನ್ ರೇಟ್ ಐತ್ರೀ ಯಣ್ಣಾ? ಕೊಸರ ಅನ್ಕೋರಿ."

ಕುಟುಕುವ ದನಿಯಲ್ಲ. ತಲೆಯಿಂದ ಬಾಚಣಿಗೆ ತೆಗೆಯದೆ, ಸಹಜವಾಗಿ ಅಂದಳು. ಮೌನೇಶನ ಮುಖ ಕಪ್ಪಿಟ್ಟಿತು. ನಾನು ಕಿಟಕಿಯ ಕಡೆ ತಿರುಗಿದೆ. ಇಷ್ಟು ವರ್ಷ ನಾವು ನ್ಯಾಯ ಎಂದು ತೂಗಿದ್ದು ಏನನ್ನು?

ತಾಯಿಯನ್ನು ಮನೆಗೆ ಕರೆತಂದ ಮರುದಿನ ಮೌನೇಶ ರಟ್ಟು ಕಿತ್ತೆಸೆದ. ಇಡೀ ಒಂದು ಗೊನೆ ಹೆಗಲಿಗೇರಿಸಿ, ಜೊತೆಗೆ ನನ್ನನ್ನೂ ಎಬ್ಬಿಸಿಕೊಂಡು ಭೀಮಬಾಯಿಯ ಮನೆಗೆ ಹೊರಟ. ಓಣಿಯವರೆಲ್ಲ ಕಟ್ಟೆಗೆ ಬಂದು ನೋಡಿದರು.

"ಅವತ್ತ ತಪ್ಪಾತ್ ಯಕ್ಕಾ" ಎಂದು ಗೊನೆ ಇಳಿಸಿದ.

ಆಕೆ ಒಂದೇ ಒಂದು ಹಣ್ಣು ಮುರಿದು ಮೊಮ್ಮಗಳ ಕೈಗಿಟ್ಟಳು. "ನಾ ಕೇಳಿದ್ದು ಒಂದೇ ರೀ, ಯಣ್ಣಾ."

ಎಷ್ಟು ಹೇಳಿದರೂ ಎರಡನೆಯದನ್ನು ಮುಟ್ಟಲಿಲ್ಲ. ಉಳಿದ ಗೊನೆಯನ್ನು ಹೊತ್ತುಕೊಂಡು ಅದೇ ಓಣಿಯಲ್ಲಿ, ಅದೇ ಜನರ ಮುಂದೆ, ನಾವಿಬ್ಬರೂ ತಲೆ ತಗ್ಗಿಸಿ ವಾಪಸು ಬಂದೆವು.