ಅಕ್ಕನ ಕೆಮ್ಮಿಗೆ ಸಿಕ್ಕ ಹುಣಸೆ ಚಿಗುರು

ನಾನು ಚಿಕ್ಕವನಿದ್ದಾಗ ಅಕ್ಕನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವಳ ಸೈಕಲ್ ನನ್ನದಕ್ಕಿಂತ ದೊಡ್ಡದು, ಸ್ಕೂಲ್ ಬಸ್ಸಿನ ಹಿಂದಿನ ಸೀಟು ಅವಳದೇ. ಇಷ್ಟು ಸಾಲದು ಎಂಬಂತೆ ಒಂದು ದಿನ ಅವಳ ಕೆಮ್ಮಿನ ಮೇಲೂ ಹೊಟ್ಟೆಕಿಚ್ಚುಪಟ್ಟೆ.

ಆಗ ನಾವು ಅಮೆರಿಕದ ಮಿಷಿಗನ್ನಿನ ಲಿವೋನಿಯಾ ಊರಿನಲ್ಲಿದ್ದೆವು. ಪಕ್ಕದ ಮನೆಯ ಆಂಟಿ ನೈಜೀರಿಯಾದವರು. ಆ ಬೇಸಿಗೆಯಲ್ಲಿ ಅವರ ಅಮ್ಮ ಬಂದಿದ್ದರು. ಊರಿನಲ್ಲಿ ಅವರು ಗಿಡಮೂಲಿಕೆಯ ಮದ್ದು ಕೊಡುವವರು. ನಾವು ಅವರನ್ನು ಅಜ್ಜಿ ಎಂದೇ ಕರೆಯುತ್ತಿದ್ದೆವು. ಅವರ ಮಾತನ್ನು ಆಂಟಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು.

ಅಕ್ಕನ ಕೆಮ್ಮು ನೋಡಿದ ಡಾಕ್ಟರು ರೆಸ್ಟ್ ಮಾಡಲಿ ಎಂದಿದ್ದರು. ಅಜ್ಜಿ ಅವಳನ್ನು ಕರೆದು ಆಂಟಿಯ ಮನೆಯ ಗಾಜಿನ ಕಿಟಕಿಯ ಬಳಿಯ ಕುಂಡದ ಮುಂದೆ ಕೂರಿಸಿದರು. ನಾನೂ ಹಿಂದೆಯೇ ಹೋದೆ. ಕುಂಡದಲ್ಲಿ ನನ್ನ ಎತ್ತರದ ಹುಣಸೆ ಗಿಡ. ಮಿಷಿಗನ್ನಿನ ಚಳಿಗೆ ಹೆದರಿ ಅದು ವರ್ಷವಿಡೀ ಮನೆಯೊಳಗೇ ಇರುತ್ತಿತ್ತು.

ಅಜ್ಜಿ ಗಿಡದ ಮುಂದೆ ಏನೋ ಪಿಸುಗುಟ್ಟಿದರು. ಆಮೇಲೆ ಒಂದು ಕೊಂಬೆಯಿಂದ ಒಂದೆರಡು, ಇನ್ನೊಂದರಿಂದ ಒಂದೆರಡು ಚಿಗುರು ಚಿವುಟಿದರು. ಅವು ಕುದಿದಾಗ ಮನೆಯೆಲ್ಲ ಹುಳಿಹುಳಿ ವಾಸನೆ. ಜೇನು ಬೆರೆಸಿದ ಬಿಸಿ ಲೋಟವನ್ನು ಅಕ್ಕ ಎರಡೂ ಕೈಯಲ್ಲಿ ಹಿಡಿದು, ನನ್ನನ್ನೇ ನೋಡುತ್ತ, ಬೇಕೆಂದೇ ನಿಧಾನವಾಗಿ ಕುಡಿದಳು.

"ನನಗೂ ಬೇಕು," ಎಂದೆ.

"ನಿನಗೇನು ಕಾಯಿಲೆ?" ಅಜ್ಜಿ ಕೇಳಿದರು.

"ಏನಿಲ್ಲ."

"ಹಾಗಾದರೆ ಗಿಡ ನಿನಗೆ ಏನೂ ಕೊಡಬೇಕಾಗಿಲ್ಲ."

ನನ್ನ ಕಣ್ಣು ತುಂಬಿತು. ಕರೆದೊಯ್ಯಲು ಬಂದಿದ್ದ ಅಪ್ಪ, "ಅವಳಿಗೆ ಕೊಟ್ಟಿದ್ದೆಲ್ಲ ನಿಂಗೂ ಕೊಡೋಕೆ ಇದೇನು ಐಸ್‌ಕ್ರೀಮಾ? ಸುಮ್ನಿರೋ," ಎಂದರು.

ಅಜ್ಜಿ ನಗಲಿಲ್ಲ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಮ್ಮ ಊರಿನ ಹುಣಸೆ ಮರವೊಂದರ ಕತೆ ಹೇಳಿದರು. ಅವರ ತಾಯಿ ಮದ್ದಿಗೆಂದು ಅದರ ತೊಗಟೆಯನ್ನು ಒಂದು ಬದಿಯಲ್ಲಿ ಮಾತ್ರ, ಬೆರಳಗಲ ತೆಗೆದು, ಗಾಯಕ್ಕೆ ಹಸಿ ಮಣ್ಣು ಮೆತ್ತುತ್ತಿದ್ದರಂತೆ. ಆಮೇಲೆ ಪೇಟೆಯಲ್ಲಿ ತೊಗಟೆ ಮಾರುವವರು ಬಂದರು. ಬಳೆ ತೊಡಿಸಿದಂತೆ ಸುತ್ತಲೂ ಸುಲಿದರು. ಮರುವರ್ಷ ಮರ ಒಣಗಿ ನಿಂತಿತು. ಅಂದಿನಿಂದ ಅಜ್ಜಿ ಎಲೆಯಿಂದಲೇ ಗುಣವಾಗುವ ಕಡೆ ತೊಗಟೆ ಮುಟ್ಟುತ್ತಿರಲಿಲ್ಲ. ಗುಣವಾದವರು ಒಂದು ಬೀಜ ನೆಟ್ಟು ಬೆಳೆಸಬೇಕು, ಅದೇ ಅಜ್ಜಿಯ ಸಂಭಾವನೆ.

"ಇದು ಅಕ್ಕನ ಗಿಡವೂ ಅಲ್ಲ, ನಿನ್ನದೂ ಅಲ್ಲ. ನಿನ್ನದೇ ಬೇಕಾದರೆ ಬೆಳೆಸಿಕೋ," ಎಂದು ಅಜ್ಜಿ ನನ್ನ ಅಂಗೈಗೆ ಹೊಳೆಯುವ ಕಂದು ಬೀಜವೊಂದನ್ನು ಹಾಕಿದರು. ಮನೆ ಮುಂದಿನ ಸಿಮೆಂಟಿನ ಮೇಲೆ ಅದನ್ನು ಉಜ್ಜಿಸಿದರು. ಬೀಜ ಬಿಸಿಯಾಗಿ ಬೆರಳು ಸುಟ್ಟಿತು. ಸಿಪ್ಪೆ ತೆಳುವಾದ ಮೇಲೆ ಬೆಚ್ಚನೆಯ ನೀರಿನಲ್ಲಿ ನೆನೆಹಾಕಿದೆವು. ಅಮ್ಮ ಖಾಲಿ ಕಾಫಿ ಡಬ್ಬಿ ಕೊಟ್ಟಳು, ಅದರಲ್ಲಿ ಮಣ್ಣು ತುಂಬಿ ನೆಟ್ಟೆ.

ಮೊಳಕೆ ಬಂದಾಗ ಅಕ್ಕ ಮುಟ್ಟಲು ಕೈಚಾಚಿದಳು. "ಡೋಂಟ್ ಟಚ್! ಅದು ನಂದು!" ಎಂದು ಕಿರುಚಿದೆ. ಅವಳ ಮುಖ ಸಣ್ಣಗಾಯಿತು. ಆಗ ನನಗಾದ ಖುಷಿಯನ್ನು ಏನೆಂದು ಹೇಳಲಿ!

ಅಜ್ಜಿ ಊರಿಗೆ ಹೋದರು. ಚಳಿಗಾಲದಲ್ಲಿ ನನಗೇ ಕೆಮ್ಮು ಬಂತು. ಕೊನೆಗೂ ನನ್ನ ಸರದಿ! ನೋಡಲು ಬಂದ ಆಂಟಿ ಎಲೆ ಕೀಳಲು ನನ್ನ ಗಿಡದ ಕಡೆ ಬಗ್ಗಿದರು. ಅದರಲ್ಲಿ ಇದ್ದದ್ದೇ ನಾಲ್ಕಾರು ಎಲೆಗಳು. ನಾನು ಹಾಸಿಗೆಯಿಂದೆದ್ದು ಬಂದು ಡಬ್ಬಿಯನ್ನು ತಬ್ಬಿಕೊಂಡೆ.

"ಎಲೆ ಬೇಡ. ನಂಗೆ ಸಿರಪ್ ಕೊಡಿ," ಎಂದೆ.

ಆಂಟಿ ನಕ್ಕು, ತಮ್ಮ ದೊಡ್ಡ ಗಿಡದ ಚಿಗುರನ್ನೇ ಕುದಿಸಿ ತಂದರು. ರುಚಿ ಅಷ್ಟೇನೂ ಚೆನ್ನಾಗಿರಲಿಲ್ಲ.

ಮೊಮ್ಮಕ್ಕಳೇ, ಇಲ್ಲಿ ನಾರ್ತ್‌ವಿಲ್‌ನಲ್ಲಿ ನಿಮ್ಮಲ್ಲಿ ಒಬ್ಬರಿಗೆ ಕೆಮ್ಮು ಬಂದರೆ ನಿಮ್ಮಪ್ಪ ಫಾರ್ಮಸಿಗೆ ಡ್ರೈವ್ ಮಾಡುತ್ತಾನೆ. ಕೆಳಗಿಳಿಯದೆ ಕಾರಿನ ಕಿಟಕಿಯಲ್ಲೇ ಚೆರ್ರಿ ವಾಸನೆಯ ಬಾಟಲಿ ಸಿಗುತ್ತದೆ. ಮುಗಿದರೆ ಇನ್ನೊಂದು. ಅದರ ಹಿಂದೆ ಯಾವ ಗಿಡವಿತ್ತು, ಅದರಲ್ಲಿ ಎಷ್ಟು ಎಲೆ ಉಳಿಯಿತು ಎಂದು ಯಾರೂ ಕೇಳುವುದಿಲ್ಲ. ನೀವು ಬೇಗ ಗುಣವಾಗುತ್ತೀರಿ, ನನಗೆ ಅದೇ ಸಂತೋಷ. ಆದರೂ ಒಮ್ಮೆಯಾದರೂ, ಯಾರಿಗೂ ಮುಟ್ಟಲು ಬಿಡದಷ್ಟು ಹೊಟ್ಟೆಕಿಚ್ಚಿನಿಂದ ನೀವು ಒಂದು ಗಿಡವನ್ನು ಕಾಯಬೇಕು ಎಂದು ನನ್ನಾಸೆ.