ಸೋದರಮಾವನಿಲ್ಲದ ಲಗ್ನಪತ್ರಿಕೆ

ಆಗ ನಾನು ಗೋಕಾಕದ ಒಂದು ಪ್ರೆಸ್ಸಿನಲ್ಲಿದ್ದೆ. ಲಗ್ನಪತ್ರಿಕೆ ಜೋಡಿಸುವ ಒಂದು ಸಣ್ಣ ಲೈಬ್ರರಿಯನ್ನು, ಎಂದರೆ ಬೇರೆ ಪ್ರೋಗ್ರಾಮುಗಳು ಕರೆದು ಬಳಸುವ ಕೋಡನ್ನು, ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದಿದ್ದೆ. ಮೂಡಲಗಿ ಮತ್ತು ಹುಕ್ಕೇರಿಯ ಎರಡು ಪ್ರೆಸ್ಸುಗಳೂ ಅದನ್ನೇ ಬಳಸುತ್ತಿದ್ದವು. ಅದರ ಫಂಕ್ಷನ್‌ಗೆ ವಧು, ವರ, ಸೋದರಮಾವ, ತಾರೀಖು, ಸ್ಥಳ, ಈ ಐದನ್ನೂ ಇದೇ ಕ್ರಮದಲ್ಲಿ ಕೊಡಬೇಕಿತ್ತು. ಒಂದು ಬಿಟ್ಟರೂ ಪ್ರೋಗ್ರಾಂ ಕಂಪೈಲ್ ಆಗದೆ, ತಪ್ಪು ತೋರಿಸಿ ನಿಲ್ಲುತ್ತಿತ್ತು. ಸೋದರಮಾವನಿಲ್ಲದ ವಧು ಇರಬಹುದೆಂದು ನನಗೆ ಹೊಳೆದಿರಲಿಲ್ಲ.

ಮೂಡಲಗಿಯ ರೈತರೊಬ್ಬರ ಹೆಂಡತಿಗೆ ಅಣ್ಣತಮ್ಮಂದಿರಿರಲಿಲ್ಲ. ಹಿರಿಯ ಮಗಳ ಪತ್ರಿಕೆ ಮಾಡುವಾಗ ಅಲ್ಲಿಯ ಆಪರೇಟರ್ ಮಾವನ ಜಾಗದಲ್ಲಿ ಸ್ಪೇಸ್ ಒತ್ತಿದ. 'ಸೋದರಮಾವ: ಶ್ರೀ' ಎಂದು ಅಚ್ಚಾಗಿ, ಮುಂದೆ ಖಾಲಿ ಉಳಿಯಿತು. ತುಂಬಿಕೊಳ್ಳಲೆಂದೇ ಬಿಟ್ಟ ಜಾಗವೆಂದು ಬಳಗದವರು ತಿಳಿದರು.

ಆ ಮದುವೆಗೆ ನಾನೂ ಹೋಗಿದ್ದೆ. ಕಂಡದ್ದನ್ನಷ್ಟೇ ಹೇಳುತ್ತೇನೆ. ಅಲ್ಲಿ ವಧುವನ್ನು ಸೋದರಮಾವನೇ ಕೈಹಿಡಿದು ಹಂದರಕ್ಕೆ ಕರೆತರಬೇಕು. ಬಳಗದ ಮೂವರು ಬಂದರು. ಮೂವರ ಪತ್ರಿಕೆಯಲ್ಲೂ 'ಶ್ರೀ' ಮುಂದೆ ಅವರವರೇ ಬರೆದುಕೊಂಡ ಹೆಸರಿತ್ತು. ಒಬ್ಬರದು ಹಸಿರು ಶಾಯಿಯಲ್ಲಿ. ಇಬ್ಬರು ಒಂದೊಂದು ಕೈ ಹಿಡಿದರು. ಮೂರನೆಯವರಿಗೆ ಕೈ ಉಳಿಯಲಿಲ್ಲ. ಅವರು ಬಾಸಿಂಗ ಹಿಡಿದರು. ಮೂವರೂ ಮೂರು ಕಡೆ ಎಳೆದರು. ಮುಹೂರ್ತದ ಅಕ್ಕಿಕಾಳು ಬಿದ್ದಾಗ ಹಂದರದಲ್ಲಿ ವರ ಒಬ್ಬನೇ ನಿಂತಿದ್ದ.

ಮುಂದಿನ ವರ್ಷ ಆ ರೈತರು ನನ್ನನ್ನೇ ಹುಡುಕಿಕೊಂಡು ಬಂದರು.

"ಸಣ್ಣ ಮಗಳ ಲಗ್ನಾನೂ ಗೊತ್ತಾಗೇತ್ರಿ ಸರ. ಈಕೀಗೂ ಹಂಗ ಆಗಬಾರ್ದು. ಮಾವನ್ನ ತಗೀರಿ."

ತೆಗೆದರೆ ಉಳಿದವರ ಮಾವಂದಿರು ಬಿಟ್ಟಾರೆಯೇ? ಮಾವ ಇದ್ದರೆ ಕೊಡಿ, ಇಲ್ಲದಿದ್ದರೆ ಬಿಡಿ ಎಂದು ಮಾಡಬೇಕಿತ್ತು. ಮಾವನನ್ನು ಕೊಡದಿದ್ದರೆ ಆ ಸಾಲೇ ಅಚ್ಚಾಗಬಾರದು. ಆದರೆ ಬಿಡಬಹುದಾದದ್ದು ಕೊನೆಯಲ್ಲೇ ಇರಬೇಕೆಂಬುದು ಸಿ ಪ್ಲಸ್ ಪ್ಲಸ್ ಭಾಷೆಯ ನಿಯಮ. ಮೂರನೆಯ ಜಾಗದಲ್ಲಿದ್ದ ಮಾವನನ್ನು ಐದನೆಯದಕ್ಕೆ ಸರಿಸಿ, ಹೊಸ ಲೈಬ್ರರಿಯನ್ನು ಎರಡೂ ಊರಿಗೆ ಕಳಿಸಿದೆ.

ಮರುದಿನ ಹುಕ್ಕೇರಿ ಪ್ರೆಸ್ಸಿನ ಮಾಲಕರ ಫೋನು ಬಂತು.

"ಏನ್ ಮಾಡೀರಿ ಮಾರಾಯ್ರ? ಎಲ್ಲಾ ಕಡೆ ತಪ್ಪು ತೋರ್ಸಾಕತ್ತೇತಿ. ಮಾವನ ಜಾಗಾದಾಗ ತಾರೀಖ ಕೇಳ್ತೇತಿ!"

"ಮಾವನ್ನ ಕಡೀಕ ಕಳಸ್ರಿ, ಸರಿಹೋಗ್ತೇತಿ."

"ಮಾವನ್ನ ಕಡೀಕ ಕಳಸಿದ್ರ ನಮ್ಮೂರಾಗ ಲಗ್ನ ಆಗ್ತಾವೇನ್ರಿ?"

ಅಚ್ಚಿನಲ್ಲಿ ಮಾವ ಮೊದಲಿನ ಜಾಗದಲ್ಲೇ ಇರುತ್ತಾನೆ, ಪ್ರೋಗ್ರಾಮಿನೊಳಗೆ ಮಾತ್ರ ಹಿಂದೆ ಹೋಗುತ್ತಾನೆ ಎಂದು ನಂಬಿಸಲು ಅರ್ಧ ತಾಸು ಹಿಡಿಯಿತು.

ಸಣ್ಣ ಮಗಳ ಪತ್ರಿಕೆ ಸರಿಯಾಗಿ ಬಂತು. ಮಾವನ ಸಾಲಿಲ್ಲ, ಖಾಲಿ ಜಾಗವೂ ಇಲ್ಲ. ಮದುವೆಗೆ ಹೋದೆ. ಬಾಗಿಲಲ್ಲಿ ಅದೇ ಮೂವರು ನಿಂತಿದ್ದರು.

"ನೀವ್ಯಾಕ ಬಂದ್ರಿ? ಈ ಸಲ ಮಾವನ ಸಾಲು ಇಲ್ಲಲ್ರಿ!" ಎಂದರು ತಂದೆ, ಗಾಬರಿಯಿಂದ.

"ಅದಕ್ಕ ಬಂದೇವಿ," ಎಂದರು ಹಸಿರು ಶಾಯಿಯವರು. "ಸಾಲು ಇಲ್ಲಂದ್ರ ಯಾರ ಬೇಕಾದ್ರೂ ಆಗಬಹುದು ಅಂತ ಅಲ್ಲೇನು?"

ಇದನ್ನು ನಾನು ಯೋಚಿಸಿರಲಿಲ್ಲ. ಅಷ್ಟರಲ್ಲಿ ವಧುವೇ ಹೊರಗೆ ಬಂದಳು. ಬಾಸಿಂಗವನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

"ಮಾಮಾ, ನೀವು ಮೂವರೂ ಕುಂತು ಊಟಾ ಮಾಡ್ರಿ. ನನಗ ಕಾಲು ಅದಾವು."

ಮೂವರೂ ಪಂಕ್ತಿಯ ಕಡೆ ನೋಡಿದರು. ಅವಳು ನಡೆದೇಬಿಟ್ಟಳು. ಅಕ್ಕಿಕಾಳು ಬಿದ್ದಾಗ ಹಂದರದಲ್ಲಿ ವಧು ವರ ಇಬ್ಬರೂ ಇದ್ದರು. ನಾನು ಎರಡು ಸಲ ಎಣಿಸಿದೆ.